ಸೈಕಲ್ ರ‍್ಯಾಕ್ ಹೊರುವ ಹಿಚ್: ಆಯ್ಕೆ, ಭಾರ ಮತ್ತು ಹೊಣೆ

ಟ್ರೇಲರ್ ಹಿಚ್ ಎಂಬುದು ವಾಹನದ ಹಿಂಬದಿಯಲ್ಲಿ ಚಾಸಿಗೆ ಬೋಲ್ಟ್ ಹಾಕಿ ಬಿಗಿಯುವ ಉಕ್ಕಿನ ಜೋಡಣೆ. ಟ್ರೇಲರನ್ನು ಎಳೆಯುವುದಕ್ಕೆಂದು ರೂಪುಗೊಂಡ ಈ ಸಾಧನವನ್ನು ಅಮೆರಿಕದಲ್ಲಿ ಅನೇಕರು ಸೈಕಲ್ ಹೊರುವ ರ‍್ಯಾಕನ್ನು ಸಿಕ್ಕಿಸುವುದಕ್ಕಾಗಿಯೇ ಕೊಳ್ಳುತ್ತಾರೆ. ಜೀಪ್ ರ‍್ಯಾಂಗ್ಲರ್‌ನಂತಹ ಎತ್ತರದ ವಾಹನದ ಛಾವಣಿಗೆ 15 ಕಿಲೋ ತೂಕದ ಸೈಕಲನ್ನು ಎತ್ತಿಡುವುದು ಶ್ರಮದ ಕೆಲಸ. ಹಿಂಬಾಗಿಲಿಗೆ ಪಟ್ಟಿಗಳಿಂದ ಕಟ್ಟುವ ರ‍್ಯಾಕಿಗೆ ಅಲ್ಲಿಯೇ ತೂಗುವ ಹೆಚ್ಚುವರಿ ಚಕ್ರ ಅಡ್ಡಿ. ಉಳಿಯುವ ಅನುಕೂಲದ ಮಾರ್ಗವೆಂದರೆ ಹಿಚ್.

ಚೌಕ ಕೊಳವೆಯನ್ನು ಕತ್ತರಿಸುವುದು, ದಪ್ಪ ತಗಡಿನ ಬ್ರಾಕೆಟ್ ಬಾಗಿಸುವುದು, ವೆಲ್ಡಿಂಗ್, ಪೌಡರ್ ಕೋಟಿಂಗ್ ಇವೆಲ್ಲವೂ ನಮ್ಮ ಪೀಣ್ಯ ಅಥವಾ ಹುಬ್ಬಳ್ಳಿಯ ಫ್ಯಾಬ್ರಿಕೇಶನ್ ಘಟಕಗಳಿಗೆ ಪರಿಚಿತವಾದ ಕೆಲಸಗಳೇ. ಆದುದರಿಂದ ಇಂತಹ ವಸ್ತುವಿಗೆ ವಿದೇಶದಿಂದ ವಿಚಾರಣೆ ಬಂದಾಗ ಕಿಲೋ ಲೆಕ್ಕದಲ್ಲಿ ಉಕ್ಕಿನ ಬೆಲೆ ಹಾಕಿ, ಮಜೂರಿ ಸೇರಿಸಿ, ದರ ತಿಳಿಸಿಬಿಡುವ ಪ್ರವೃತ್ತಿ ಸಹಜ. ಹಿಚ್ಚನ್ನು ತಯಾರಿಸುವುದು ಕಷ್ಟವಲ್ಲ. ಅದರ ಮೇಲೆ ಯಾವ ಸಂಖ್ಯೆಯನ್ನು ಮುದ್ರಿಸಿ ಮಾರಬೇಕು ಎಂಬುದೇ ಕಷ್ಟದ ಪ್ರಶ್ನೆ.

ಅಮೆರಿಕದ ಪದ್ಧತಿಯಲ್ಲಿ ಹಿಚ್ಚಿನ ಮಧ್ಯಭಾಗದಲ್ಲಿ ಚೌಕಾಕಾರದ ಕೊಳವೆಯೊಂದು ಹಿಂದಕ್ಕೆ ಬಾಯ್ತೆರೆದಿರುತ್ತದೆ. ಇದಕ್ಕೆ ರಿಸೀವರ್ ಎಂದು ಹೆಸರು. ರ‍್ಯಾಕಿನ ದಂಡವನ್ನು ಇದರೊಳಗೆ ತೂರಿಸಿ ಅಡ್ಡಲಾಗಿ ಪಿನ್ ಹಾಕಲಾಗುತ್ತದೆ. ಒಂದನೆಯ ಮತ್ತು ಎರಡನೆಯ ವರ್ಗದ ಹಿಚ್ಚುಗಳಿಗೆ ಸಾಮಾನ್ಯವಾಗಿ 1¼ ಇಂಚಿನ ರಿಸೀವರ್, ಮೂರನೆಯ ಮತ್ತು ನಾಲ್ಕನೆಯ ವರ್ಗಕ್ಕೆ 2 ಇಂಚಿನದು. ಒಂದನೆಯ ವರ್ಗವು 2,000 ಪೌಂಡ್ ತೂಕದ ಟ್ರೇಲರನ್ನು ಎಳೆಯಬಲ್ಲದು. ಎರಡನೆಯದು 3,500 ಪೌಂಡ್. ಈ ಸಂಖ್ಯೆಯ ಪಕ್ಕದಲ್ಲಿಯೇ ಚಿಕ್ಕದಾಗಿ ಇನ್ನೊಂದು ಸಂಖ್ಯೆ ಇರುತ್ತದೆ. ಅದು ಟಂಗ್ ವೆಯ್ಟ್, ಅಂದರೆ ಹಿಚ್ಚಿನ ಮೇಲೆ ಕೆಳಮುಖವಾಗಿ ಬೀಳಬಹುದಾದ ಭಾರ. ಸಾಮಾನ್ಯವಾಗಿ ಇದು ಎಳೆಯುವ ಸಾಮರ್ಥ್ಯದ ಹತ್ತನೆಯ ಒಂದು ಭಾಗ: ಒಂದನೆಯ ವರ್ಗಕ್ಕೆ 200 ಪೌಂಡ್, ಅಂದರೆ ಸುಮಾರು 90 ಕಿಲೋ. ಟ್ರೇಲರಿನ ಬಹುಪಾಲು ತೂಕವನ್ನು ಅದರ ಸ್ವಂತ ಚಕ್ರಗಳೇ ಹೊರುತ್ತವೆ. ಸೈಕಲ್ ರ‍್ಯಾಕಿಗೆ ಚಕ್ರಗಳಿಲ್ಲ; ಅದರ ಪೂರ್ಣ ತೂಕ ಹಿಚ್ಚಿನ ಮೇಲೆಯೇ. ಹೀಗಾಗಿ ರ‍್ಯಾಕಿಗಾಗಿ ಹಿಚ್ ಆರಿಸುವವನಿಗೆ ದೊಡ್ಡ ಅಕ್ಷರದ ಸಂಖ್ಯೆ ನಿರುಪಯುಕ್ತ, ಚಿಕ್ಕ ಅಕ್ಷರದ ಸಂಖ್ಯೆಯೇ ನಿರ್ಣಾಯಕ. ವ್ಯಾಪಾರದಲ್ಲಿ ಜಾಹೀರಾತಾಗುವುದು ಮಾತ್ರ ಮೊದಲನೆಯದು.

ರಿಸೀವರಿನ ಬಾಯಿ ದೊಡ್ಡದಾದಷ್ಟೂ ಹೊರುವ ಶಕ್ತಿ ಹೆಚ್ಚು ಎಂಬುದು ಎರಡನೆಯ ತಪ್ಪು ಗ್ರಹಿಕೆ. ಎರಡು ಬಾಗಿಲಿನ ರ‍್ಯಾಂಗ್ಲರ್‌ಗೆ 2 ಇಂಚಿನ ರಿಸೀವರ್ ಬರುತ್ತದೆ. ಆದರೆ ವಾಹನ ತಯಾರಕರು ಅದಕ್ಕೆ ನಿಗದಿಪಡಿಸಿರುವ ಎಳೆಯುವ ಮಿತಿ 2,000 ಪೌಂಡ್ ಮಾತ್ರ. ಹಿಚ್ಚಿನ ಚೀಟಿಯಲ್ಲಿ 5,000 ಪೌಂಡ್ ಎಂದಿದ್ದರೂ ಆ ವಾಹನದ ಮೇಲೆ ಅದಕ್ಕೆ ಬೆಲೆಯಿಲ್ಲ. ವಾಹನ, ಹಿಚ್, ಪಿನ್, ರ‍್ಯಾಕ್ ಇವುಗಳ ಮಿತಿಗಳಲ್ಲಿ ಅತ್ಯಂತ ಕಡಿಮೆಯಾದುದೇ ಇಡೀ ಜೋಡಣೆಯ ಮಿತಿ. ಸಣ್ಣ ರಿಸೀವರನ್ನು ದೊಡ್ಡದಾಗಿಸುವ ಅಡಾಪ್ಟರ್ ಬಳಸಿದರೆ ಶಕ್ತಿ ಹೆಚ್ಚುವುದಿಲ್ಲ. ಭಾರ ಇನ್ನಷ್ಟು ಹಿಂದಕ್ಕೆ ಸರಿಯುವುದರಿಂದ ವಾಸ್ತವವಾಗಿ ಕುಗ್ಗುತ್ತದೆ.

ಭಾರ ಹಿಂದಕ್ಕೆ ಸರಿಯುವ ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಟ್ರೇಲರ್ ಕೂರುವ ಗುಂಡು ರಿಸೀವರಿನ ಪಿನ್ನಿನಿಂದ ಸುಮಾರು 25 ಸೆಂಟಿಮೀಟರ್ ಹಿಂದೆ ಇರುತ್ತದೆ ಎಂದಿಟ್ಟುಕೊಳ್ಳೋಣ. ಅಲ್ಲಿ 90 ಕಿಲೋ ಭಾರ ಬಿದ್ದರೆ ರಿಸೀವರಿನ ಮೇಲಿನ ಬಾಗಿಸುವ ಒತ್ತಡ 90 ಗುಣಿಸು 25, ಅಂದರೆ 2,250. ಈಗ 24 ಕಿಲೋ ತೂಕದ ರ‍್ಯಾಕ್, ಅದರ ಮೇಲೆ ತಲಾ 15 ಕಿಲೋ ತೂಕದ ಎರಡು ಸೈಕಲ್. ಒಟ್ಟು 54 ಕಿಲೋ. ಮಿತಿಗಿಂತ ಬಹಳ ಕಡಿಮೆ ಎಂದು ಗ್ರಾಹಕ ಸಮಾಧಾನಪಡುತ್ತಾನೆ. ಆದರೆ ಹೆಚ್ಚುವರಿ ಚಕ್ರವನ್ನು ದಾಟಿ ನಿಲ್ಲಬೇಕಾದ ರ‍್ಯಾಕಿನ ಭಾರಕೇಂದ್ರ ಪಿನ್ನಿನಿಂದ 60 ಸೆಂಟಿಮೀಟರ್ ಹಿಂದೆ ಇದ್ದರೆ, 54 ಗುಣಿಸು 60, ಅಂದರೆ 3,240. ತೂಕ ಕಡಿಮೆಯಾದರೂ ಒತ್ತಡ ಶೇ. 44ರಷ್ಟು ಹೆಚ್ಚು! ಅಂಗಡಿಯ ತಕ್ಕಡಿಯನ್ನು ಬಲ್ಲ ಯಾವ ವರ್ತಕನಿಗೂ ಈ ಸನ್ನೆಯ ತತ್ವ ಹೊಸದಲ್ಲ. ಇಷ್ಟರಿಂದ ಹಿಚ್ ಮುರಿದೇ ತೀರುತ್ತದೆ ಎಂದಲ್ಲ. ತಯಾರಕನು ಮುಂಜಾಗ್ರತೆಗಾಗಿ ಉಳಿಸಿದ ಅಂತರ ಗ್ರಾಹಕನಿಗೆ ತಿಳಿಯದಂತೆ ಖರ್ಚಾಗುತ್ತಿರುತ್ತದೆ, ಅಷ್ಟೇ. ರ‍್ಯಾಕ್ ತಯಾರಕರು ತೂಕದ ಜೊತೆಗೆ ಸೈಕಲ್‌ಗಳ ಸಂಖ್ಯೆಯನ್ನೂ ಹಿಚ್ಚಿನ ಅಳತೆಯನ್ನೂ ಪ್ರತ್ಯೇಕವಾಗಿ ನಮೂದಿಸುವುದಕ್ಕೆ ಇದೇ ಕಾರಣ. ಚಕ್ರ ದಾಟಿಸಲು ಬಳಸುವ ಎಕ್ಸ್‌ಟೆನ್ಷನ್ ದಂಡಗಳಿಗೆ ಅವುಗಳ ತಯಾರಕರೇ ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಿ ಹೇಳುವುದು ರೂಢಿ. ಬ್ಯಾಟರಿ ಸೈಕಲ್ ಬಂದ ಮೇಲಂತೂ ಒಂದೊಂದರ ತೂಕ 25 ಕಿಲೋ ಮುಟ್ಟುತ್ತಿದೆ.

ಇದು ನಿಂತ ವಾಹನದ ಲೆಕ್ಕ. ಕಲ್ಲು ಹಳ್ಳಗಳ ಹಾದಿಯಲ್ಲಿ ಪ್ರತಿ ಕುಲುಕಿಗೂ ಅದೇ ಭಾರ ಕ್ಷಣಕಾಲ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿ ವರ್ತಿಸುತ್ತದೆ. ಅನೇಕ ರ‍್ಯಾಕ್ ತಯಾರಕರು ಕಚ್ಚಾ ಹಾದಿಗೆ ಬೇರೆಯೇ ಆದ ಕಡಿಮೆ ಮಿತಿಯನ್ನು ಮುದ್ರಿಸುತ್ತಾರೆ. ಕೆಲವರು ಅಂತಹ ಬಳಕೆಯನ್ನೇ ನಿಷೇಧಿಸುತ್ತಾರೆ. ರಿಸೀವರಿಗೂ ದಂಡಕ್ಕೂ ನಡುವೆ ಒಂದೆರಡು ಮಿಲಿಮೀಟರ್ ಸಡಿಲವಿದ್ದರೆ ಪ್ರತಿ ಕುಲುಕೂ ಸುತ್ತಿಗೆಯ ಪೆಟ್ಟಾಗುತ್ತದೆ. ಆದ್ದರಿಂದ ಸಡಿಲವನ್ನು ಹೀರುವ ಬಿಗಿಬೋಲ್ಟ್ ಅಲಂಕಾರವಲ್ಲ, ಅಗತ್ಯ. ಪೆಟ್ಟು ಬೀಳುವುದು ಕೊಳವೆಗಿಂತ ವೆಲ್ಡಿಂಗಿನ ಅಂಚಿಗೆ. ಲೋಹದ ದಣಿವು ಸವಕಳಿಯಿದ್ದಂತೆ. ಪುಸ್ತಕದಲ್ಲಿ ಬರೆಯದಿದ್ದರೂ ಅದು ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ.

ಹಿಚ್ ಎಷ್ಟು ಕೆಳಗೆ ತೂಗುತ್ತದೆ ಎಂಬುದೂ ಮುಖ್ಯ. ದಿಣ್ಣೆಯಿಂದ ಇಳಿಯುವ ವಾಹನದ ಹಿಂಭಾಗ ನೆಲಕ್ಕೆ ತಾಗದಂತಿರುವ ಕೋನವನ್ನು ನಿರ್ಗಮನ ಕೋನ ಎನ್ನುತ್ತಾರೆ. ಹಿಂಚಕ್ರದಿಂದ 90 ಸೆಂಟಿಮೀಟರ್ ಹಿಂದೆ, ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿ ವಾಹನ ಮುಗಿದರೆ ಈ ಕೋನ ಸುಮಾರು 34 ಡಿಗ್ರಿ. ಅದೇ ಜಾಗದಲ್ಲಿ ಹಿಚ್ 15 ಸೆಂಟಿಮೀಟರ್ ಕೆಳಗಿಳಿದರೆ ಸುಮಾರು 27 ಡಿಗ್ರಿಗೆ ಕುಸಿಯುತ್ತದೆ. ಬಂಪರಿನ ಹಿಂದೆ ಅಡಗಿ ಕೂರುವ ಹಿಚ್ಚಿಗೆ ಹೆಚ್ಚು ಬೆಲೆ ಸಿಗುವುದು ಸೊಗಸಿಗಾಗಿ ಮಾತ್ರವಲ್ಲ. ಹಿಂಬಾಗಿಲು ಪಕ್ಕಕ್ಕೆ ತೆರೆಯುವ ವಾಹನಗಳಿಗೆ ಕೆಳಕ್ಕೆ ಬಾಗುವ ರ‍್ಯಾಕಿಗಿಂತ ಪಕ್ಕಕ್ಕೆ ತಿರುಗುವ ರ‍್ಯಾಕ್ ಅನುಕೂಲ. ಆದರೆ ಅಂತಹ ರ‍್ಯಾಕಿನ ಸ್ವಂತ ತೂಕ ಹೆಚ್ಚು ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಯುರೋಪಿನ ಖರೀದಿದಾರನು ಕೇಳುವ ವಸ್ತುವೇ ಬೇರೆ. ಅಲ್ಲಿ ಚೌಕ ರಿಸೀವರಿನ ಬದಲು 50 ಮಿಲಿಮೀಟರ್ ವ್ಯಾಸದ ಗುಂಡು ರೂಢಿಯಲ್ಲಿದ್ದು, ರ‍್ಯಾಕ್ ಆ ಗುಂಡನ್ನೇ ಹಿಡಿದು ಕೂರುತ್ತದೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 55ನೆಯ ನಿಯಮಾವಳಿಯಂತೆ ಅನುಮೋದನೆ ಪಡೆದ ಫಲಕದಲ್ಲಿ ಲಂಬ ಭಾರವನ್ನು 'ಎಸ್' ಎಂಬ ಅಕ್ಷರದಿಂದ ಕಿಲೋಗಳಲ್ಲಿ ನಮೂದಿಸಲಾಗುತ್ತದೆ. ಒಂದು ಮಾರುಕಟ್ಟೆಯ ನಕ್ಷೆಯನ್ನು ಇನ್ನೊಂದಕ್ಕೆ ಕಳುಹಿಸಿ ಉಪಯೋಗವಿಲ್ಲ.

ಇನ್ನು ಲೆಕ್ಕದ ವಿಷಯ. ಖರೀದಿದಾರನು '2 ಇಂಚು, 5,000 ಪೌಂಡ್' ಎಂದು ಬರೆದ ಚೀಟಿಯನ್ನು ಅಂಟಿಸಿ ಕಳುಹಿಸಿ ಎನ್ನುತ್ತಾನೆ. ಪರೀಕ್ಷೆಯಿಲ್ಲದೆ ಅಂಟಿಸಿದ ಆ ಚೀಟಿಯೇ ತಯಾರಕನ ಲಿಖಿತ ಭರವಸೆಯಾಗಿಬಿಡುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ದೋಷಯುಕ್ತ ಸರಕಿನ ತಯಾರಕನ ಹೊಣೆಗೆ ಅಲಕ್ಷ್ಯದ ಪುರಾವೆ ಬೇಕಾಗಿಲ್ಲ. ಆಮದುದಾರನು ಕರಾರಿನ ಮೂಲಕ ಆ ಹೊಣೆಯನ್ನು ಇಲ್ಲಿಗೆ ವರ್ಗಾಯಿಸುವುದುಂಟು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 84ನೆಯ ಪ್ರಕರಣವೂ ಸ್ಪಷ್ಟ ವಾರಂಟಿಗೆ ಸರಕು ಹೊಂದದಿದ್ದಾಗ ಮತ್ತು ತಪ್ಪು ಬಳಕೆಯ ಬಗ್ಗೆ ಸಾಕಷ್ಟು ಎಚ್ಚರಿಕೆ ನೀಡದಿದ್ದಾಗ ತಯಾರಕನನ್ನು ಹೊಣೆಗಾರನನ್ನಾಗಿಸುತ್ತದೆ.

ಆದ್ದರಿಂದ ಪರೀಕ್ಷೆಯ ವೆಚ್ಚ ಮತ್ತು ಉತ್ಪನ್ನ ಹೊಣೆ ವಿಮೆಯ ಕಂತನ್ನು ಸಾಮಾನ್ಯ ಖರ್ಚಿನಲ್ಲಿ ಮುಳುಗಿಸದೆ ಆ ಸರಕಿನ ಮೇಲೆಯೇ ಹಾಕಬೇಕು. ಕೇವಲ ಉದಾಹರಣೆಗಾಗಿ, ಇವೆರಡೂ ಸೇರಿ 10 ಲಕ್ಷ ರೂಪಾಯಿ ಎನ್ನೋಣ. 2,500 ಹಿಚ್ಚುಗಳ ಆರ್ಡರಿಗೆ ತಲಾ 400 ರೂಪಾಯಿ ಬೀಳುತ್ತದೆ. 500ರ ಆರ್ಡರಿಗೆ ತಲಾ 2,000. ಎರಡನೆಯ ಸಂದರ್ಭದಲ್ಲಿ ಲಾಭಕ್ಕಾಗಿ ಪರೀಕ್ಷೆಯನ್ನು ಬಿಡುವುದಕ್ಕಿಂತ ಆರ್ಡರನ್ನೇ ಬಿಡುವುದು ಲೇಸು. ವಾರಂಟಿಗಾಗಿ ಮಾಡುವ ಪ್ರಾವಿಜನ್ ಬಗ್ಗೆ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಿಂದಿನ ಅನುಭವದ ಆಧಾರದ ಮೇಲೆ ವಿಶ್ವಸನೀಯವಾಗಿ ಅಂದಾಜಿಸಿದ ಮೊತ್ತವನ್ನು ಆದಾಯದಿಂದ ಕಳೆಯಬಹುದೆಂದು ತೀರ್ಪಿತ್ತಿದೆ. ಹೊಸದಾಗಿ ಹಿಚ್ ತಯಾರಿಕೆಗೆ ಇಳಿಯುವ ಘಟಕಕ್ಕೆ ಅಂತಹ ಅನುಭವವಿಲ್ಲವಾದುದರಿಂದ, ಮೊದಲ ದಿನದಿಂದಲೇ ಹಿಂದಿರುಗಿದ ಸರಕು ಮತ್ತು ದೂರುಗಳ ದಾಖಲೆ ಇಡುವುದು ಅಗತ್ಯ. ಸುಂಕದ ವಿಷಯದಲ್ಲಿ, ಅಮೆರಿಕವು 2025ರ ಮೇ 3ರಿಂದ ಆಯ್ದ ವಾಹನ ಬಿಡಿಭಾಗಗಳ ಮೇಲೆ ಶೇ. 25ರ ಹೆಚ್ಚುವರಿ ಸುಂಕ ವಿಧಿಸಿತು. ಇಂತಹ ದರಗಳು ಮಧ್ಯದಲ್ಲಿ ಬದಲಾದರೆ ಹೊರೆ ಯಾರದೆಂಬುದನ್ನು ಕರಾರಿನಲ್ಲಿಯೇ ಬರೆಯಿಸಿಕೊಳ್ಳಬೇಕು.

ಇದೇ ಹಿಚ್ಚನ್ನು ಸ್ಥಳೀಯ ಜೀಪು ಮಾಲೀಕರಿಗೂ ಮಾರಬಹುದಲ್ಲವೇ ಎಂಬ ಯೋಚನೆ ಸಹಜವಾಗಿ ಬರುತ್ತದೆ. ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತಹ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣದಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ವಾಹನ ತಯಾರಕರೇ ಒಪ್ಪಿರುವ ಹಿಚ್ ಲಭ್ಯವಿರುವಲ್ಲಿ ಗ್ರಾಹಕನನ್ನು ಅತ್ತ ಕಳುಹಿಸುವುದು ಕ್ಷೇಮ. ಇತರ ಸಂದರ್ಭಗಳಲ್ಲಿ ಪ್ರಾದೇಶಿಕ ಸಾರಿಗೆ ಕಚೇರಿಯ ಲಿಖಿತ ಅಭಿಪ್ರಾಯ ಕೈಸೇರಿದ ನಂತರವೇ ಬಿಲ್ ಬರೆಯಬೇಕು. ರ‍್ಯಾಕಿನಲ್ಲಿ ಸೈಕಲ್ ಏರಿಸಿದಾಗ ನಂಬರ್ ಪ್ಲೇಟ್ ಮತ್ತು ಹಿಂಬದಿಯ ದೀಪಗಳು ಮರೆಯಾಗುತ್ತವೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳತಕ್ಕದ್ದು.