ಜೀಪಿನ ಸಪ್ಪಳ ಇಳಿಸಿದ 19,200 ರೂಪಾಯಿ

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರುಗಳ ಹತ್ತಿ ಮಿಲ್ಲು, ಅಡತಿ ಅಂಗಡಿಗಳ ಲೆಕ್ಕಪತ್ರ ನೋಡುವುದು ನನ್ನ ಉದ್ಯೋಗ. ಓಡಾಟಕ್ಕೆ 2012ರ ಮಹೀಂದ್ರ ಥಾರ್ ಡಿಐ ಇದೆ, ಕ್ಯಾನ್ವಾಸ್ ಟಾಪಿನದು. ಮಳೆಗಾಲದಲ್ಲಿ ಎರೆಹೊಲದ ದಾರಿಗೆ ಇಳಿದರೂ ಹೆದರಿಕೆಯಿಲ್ಲ, ಕೆಟ್ಟರೆ ಊರಿನ ಯಾವ ಮಿಸ್ತ್ರಿಯಾದರೂ ಬಿಚ್ಚಿ ಜೋಡಿಸುತ್ತಾನೆ. ಅದರಲ್ಲಿ ನನಗಿದ್ದ ತೊಂದರೆ ಸಪ್ಪಳದ್ದು. 2,523 ಸಿಸಿಯ ಡೀಸೆಲ್ ಎಂಜಿನ್ 60 ಕಿಲೋಮೀಟರ್ ವೇಗಕ್ಕೆ ಬಂದರೆ ಪಕ್ಕದಲ್ಲಿ ಕೂತವರೊಂದಿಗೆ ಕೂಗಿ ಮಾತಾಡಬೇಕಿತ್ತು. ಹೋದ ಬೇಸಿಗೆಯಲ್ಲಿ ಅದರ ಒಳಗೆ ಶಬ್ದ ತಗ್ಗಿಸುವ ಕೆಲಸ ಮಾಡಿಸಿದೆ. ಥಾರ್, ಗೂರ್ಖಾ, ಹಳೆಯ ಜಿಪ್ಸಿ ಇಟ್ಟುಕೊಂಡವರು ಎಷ್ಟು ಖರ್ಚಾಯಿತು ಎಂದು ಕೇಳುತ್ತಲೇ ಇದ್ದಾರೆ. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತೇನೆ.

ಈ ಗಾಡಿಗಳ ಮೈಕಟ್ಟೇ ಸಪ್ಪಳದ್ದು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಿಂದ ಇಳಿದುಬಂದ ವಂಶ ಇದು. ಕೆಸರು ತುಂಬಿದರೆ ನೀರು ಸುರಿದು ತೊಳೆಯಲು ಬರಿಯ ಉಕ್ಕಿನ ನೆಲ, ಆ ನೀರು ಹರಿದುಹೋಗಲು ತೂತು, ಬೇಕೆಂದಾಗ ಮಡಚಲು ಕ್ಯಾನ್ವಾಸ್. ಸೈನಿಕನಿಗೆ ಬೇಕಾಗಿದ್ದುದು ಅಷ್ಟೇ. 1945ರಲ್ಲಿ ಹುಟ್ಟಿದ ಮಹೀಂದ್ರ ಕಂಪನಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸಿದ ಕಾಲದಿಂದ 2010ರಲ್ಲಿ ಮೊದಲ ಥಾರ್ ಬರುವವರೆಗೂ ಆ ಗುಣ ಉಳಿದುಕೊಂಡಿತು. ಕಾರುಗಳಲ್ಲಿ ಕಾರ್ಖಾನೆಯವರೇ ಹಾಸಿ ಕಳಿಸುವ ಪದರಗಳನ್ನು ಇಂಥ ಗಾಡಿಗೆ ನಾವೇ ಹಾಕಿಸಿಕೊಳ್ಳಬೇಕು.

ಇದನ್ನು ಶೋಕಿಯ ಖರ್ಚಿನ ಖಾತೆಗೆ ಬರೆಯಲು ನಾನು ಒಪ್ಪುವುದಿಲ್ಲ. ಮೊಬೈಲಿನ ಶಬ್ದಮಾಪಕದಲ್ಲಿ ನನ್ನ ಗಾಡಿಯೊಳಗೆ 60ರ ವೇಗದಲ್ಲಿ 88 ಡೆಸಿಬಲ್ ತೋರಿಸುತ್ತಿತ್ತು. ಮೊಬೈಲಿನ ಅಳತೆ ಕರಾರುವಾಕ್ಕಲ್ಲ, ಆದರೆ ಮೊದಲಿಗೂ ಆಮೇಲಿಗೂ ಹೋಲಿಸಲು ಸಾಕು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ 3 ಡೆಸಿಬಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. ಅಂದರೆ 88ಕ್ಕೆ 4 ಗಂಟೆ. ವರ್ಷಗಟ್ಟಲೆ ಅದನ್ನು ಮೀರಿದವರ ಕಿವಿಯ ಒಳಗಿನ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಒಳ್ಳೆಯ ಶ್ರವಣಯಂತ್ರಕ್ಕೆ ಒಂದು ಕಿವಿಗೇ ಹತ್ತಾರು ಸಾವಿರ ರೂಪಾಯಿ ಬೇಕು.

ದೊಡ್ಡ ಊರಿನ ಕಾರ್ ಅಲಂಕಾರದ ಅಂಗಡಿಯೊಂದರಲ್ಲಿ ವಿಚಾರಿಸಿದೆ. ನೆಲ, ಬಾಗಿಲು, ಹಿಂಬದಿ ಎಲ್ಲಕ್ಕೂ ಮೂರು ಪದರ, ಒಟ್ಟು 55,000 ರೂಪಾಯಿ ಅಂದರು. ಊರಿಗೆ ಬಂದು ನಮ್ಮ ಮಿಸ್ತ್ರಿಗೆ ಆ ಚೀಟಿ ತೋರಿಸಿದಾಗ ಅವನು ಗಾಡಿಯ ಕೆಳಗೆ ತೂರಿ, ಅಲ್ಲಿಂದಲೇ ಹೇಳಿದ: "ಶೀಟ್ ಆಮ್ಯಾಲ ಹಚ್ಚೋಣ್ರಿ ಸಾಹೇಬ್ರ. ಮೊದಲ ಸಪ್ಪಳ ಎಲ್ಲಿಂದ ಹುಟ್ಟತದ, ಅದನ್ನ ಹಿಡೀಬೇಕು."

ಎಂಜಿನ್ ಫೌಂಡೇಶನ್ನಿನ ರಬ್ಬರು ಗಟ್ಟಿಯಾಗಿ ಸೀಳು ಬಿಟ್ಟಿತ್ತು. ಎಂಜಿನ್ನಿನ ನಡುಕವೆಲ್ಲ ನೇರವಾಗಿ ಚಾಸಿಗೆ, ಅಲ್ಲಿಂದ ತಗಡಿಗೆ ಹತ್ತುತ್ತಿತ್ತು. ಸೈಲೆನ್ಸರ್ ಪೈಪಿನ ಗ್ಯಾಸ್ಕೆಟ್ ಸುಟ್ಟು ಹೊಗೆ ಸೋರುತ್ತಿತ್ತು. ಶಾಫ್ಟಿನ ಕ್ರಾಸ್ ಸವೆದಿತ್ತು. ಫೌಂಡೇಶನ್, ಗ್ಯಾಸ್ಕೆಟ್, ವೆಲ್ಡಿಂಗ್, ಕೂಲಿ ಸೇರಿ 4,300 ರೂಪಾಯಿ, ಕ್ರಾಸಿಗೆ 1,100. ಅಷ್ಟಕ್ಕೇ ಮಾಪಕ 85ಕ್ಕೆ ಇಳಿಯಿತು. ಕಿವಿ ಸುರಕ್ಷಿತವಾಗಿರುವ ಅವಧಿ 5,400 ರೂಪಾಯಿಯಲ್ಲಿ ಎರಡರಷ್ಟಾಯಿತು. ಈ ಇಡೀ ಕೆಲಸದಲ್ಲಿ ಇಷ್ಟು ಲಾಭ ತಂದ ಹಣ ಬೇರೆ ಯಾವುದೂ ಇಲ್ಲ. ಅವೆಲ್ಲ ಇಂದಲ್ಲ ನಾಳೆ ಮಾಡಿಸಲೇಬೇಕಿದ್ದ ರಿಪೇರಿಗಳು ಕೂಡ.

ಎರಡನೆಯದು ಸಂದು ಮುಚ್ಚುವುದು. ಗೋಡೆ ಎಷ್ಟೇ ದಪ್ಪಗಿರಲಿ, ಅದರ ನೂರರಲ್ಲಿ ಒಂದು ಪಾಲು ತೆರೆದಿದ್ದರೆ 20 ಡೆಸಿಬಲ್‌ಗಿಂತ ಹೆಚ್ಚು ಸದ್ದನ್ನು ಅದು ತಡೆಯಲಾರದು. ಗೇರ್ ಕಡ್ಡಿಯ ಹರಿದ ರಬ್ಬರ್ ಚೀಲ, ಎಂಜಿನ್ನಿನ ಹಿಂದಿನ ತಗಡಿನಲ್ಲಿ ವೈರುಗಳು ಹಾಯುವ ತೂತುಗಳು, ಬಾಗಿಲ ಬೀಡಿಂಗ್ ಇವಿಷ್ಟಕ್ಕೆ 1,650 ರೂಪಾಯಿ. ನೆಲದಲ್ಲಿ ನೀರು ಹೋಗುವ ತೂತುಗಳನ್ನು ಮಾತ್ರ ಮುಚ್ಚಬಾರದು, ಅವುಗಳ ರಬ್ಬರ್ ಬಿರಟೆ ಬಿಗಿಯಾಗಿದೆಯೇ ನೋಡಿದರೆ ಸಾಕು.

ಆಮೇಲೆ ಶೀಟು. ನಮ್ಮ ಭಾಗದವರು ಇಲ್ಲಿ ಹುಷಾರಾಗಿರಬೇಕು. ಅಗ್ಗಕ್ಕೆ ಸಿಗುವ ಡಾಂಬರಿನ ಟೇಪು ಮಾಳಿಗೆಯ ಸೋರಿಕೆಗೆ ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿಯ ಬಿಸಿಲು 40 ಡಿಗ್ರಿ ದಾಟಿದಾಗ, ಬಿಸಿಲಲ್ಲಿ ನಿಂತ ಗಾಡಿಯೊಳಗೆ ಅದು ಮೆತ್ತಗಾಗಿ ಜಾರುತ್ತದೆ, ವಾಸನೆ ತಲೆಗೇರುತ್ತದೆ. ಬ್ಯುಟೈಲ್ ರಬ್ಬರಿನ, ಮೇಲೆ ಅಲ್ಯುಮಿನಿಯಂ ಹಾಳೆಯಿರುವ ಎರಡು ಮಿಲಿಮೀಟರ್ ಶೀಟೇ ಬೇಕು. ಅದರ ಕೆಲಸ ತಗಡಿನ ನಡುಕವನ್ನು ಹೀರಿ ತಣಿಸುವುದು. ಹಾಗಾಗಿ ತಗಡಿನ ಅಂಗುಲಂಗುಲಕ್ಕೂ ಹಚ್ಚುವ ಅಗತ್ಯವಿಲ್ಲ. ಬೆರಳಿನಿಂದ ಬಡಿದಾಗ ಡಬ್ಬದಂತೆ ಮೊಳಗುವ ಜಾಗ ಹುಡುಕಿ, ಅದರ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮುಚ್ಚಿದರೂ ಹೆಚ್ಚಿನ ಫಲ ಬಂದುಬಿಡುತ್ತದೆ. ಬಾಗಿಲು, ಎಂಜಿನ್ ಗೋಡೆ, ಕಾಲಿಡುವ ಜಾಗ, ಹಿಂದಿನ ಚಕ್ರದ ಮೇಲಿನ ಕಮಾನು ಸೇರಿ ನನಗೆ 40 ಚದರಡಿ ಸಾಕಾಯಿತು. ಅಡಿಗೆ 140ರಂತೆ 5,600 ರೂಪಾಯಿ.

ಅದರ ಮೇಲೆ ನೀರು ಹೀರದ, ಮುಚ್ಚಿದ ಗುಳ್ಳೆಗಳ ರಬ್ಬರ್ ಫೋಮು, 50 ಚದರಡಿಗೆ 2,250. ಕುರ್ಚಿಯ ಸ್ಪಂಜು, ಹಳೆಯ ಕಂಬಳಿ, ಫೆಲ್ಟ್ ಹಾಸುವವರನ್ನು ನೋಡಿದ್ದೇನೆ. ಮೊದಲ ಮಳೆಗೇ ಅವು ನೀರು ಕುಡಿದು ಕೆಳಗಿನ ನೆಲಕ್ಕೆ ತುಕ್ಕು ಹಿಡಿಸುತ್ತವೆ. ಆಗ ಟಿಂಕರಿಂಗ್ ಖರ್ಚು ಶಬ್ದದ ಖರ್ಚನ್ನು ಮೀರುತ್ತದೆ. ಮೇಲಿನ ರಬ್ಬರ್ ಮ್ಯಾಟಿಗೆ 1,800, ಕೂಲಿಗೆ 2,500. ಹಚ್ಚುವ ಮೊದಲು ತುಕ್ಕು ಕೆರೆದು, ಥಿನ್ನರಿನಿಂದ ಒರೆಸಿ, ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆಯೇ ರೋಲರ್ ಒತ್ತಬೇಕು. ಬಿಸಿಲು ಕಾಲದಲ್ಲಿ ಅಂಟು ಚೆನ್ನಾಗಿ ಕೂಡುವುದರಿಂದ ಮಳೆಗೆ ಮುಂಚೆ ಮಾಡಿಸುವುದೇ ಲೇಸು.

ಎಲ್ಲ ಸೇರಿ 19,200. ಮಾಪಕ ಈಗ 81 ತೋರಿಸುತ್ತದೆ. ಗೇರ್ ಬಾಕ್ಸಿನಿಂದ ಕಾಲಿಗೆ ಬಡಿಯುತ್ತಿದ್ದ ಝಳವೂ ತಗ್ಗಿದ್ದು ಕೇಳದೆ ಸಿಕ್ಕ ಲಾಭ. ಭೀಮಾ ಸೇತುವೆ ದಾಟಿ ಶಹಾಪುರಕ್ಕೆ ಹೋಗುವ ದಾರಿಯಲ್ಲಿ ನನ್ನ ಮನೆಯವರು ಈಗ ಸಾಧಾರಣ ದನಿಯಲ್ಲಿ ಮಾತಾಡುತ್ತಾರೆ. ಇದಕ್ಕೂ ಬೆಲೆ ಕಟ್ಟಬೇಕು ಅನ್ನುವುದು ನನ್ನ ಅಭಿಪ್ರಾಯ.

55,000ದ ಕೆಲಸ ಬಿಟ್ಟಿದ್ದಕ್ಕೆ ಕಾರಣ ದುಡ್ಡಷ್ಟೇ ಅಲ್ಲ. ಮೂರನೆಯ ಪದರವಾದ ಭಾರದ ವಿನೈಲ್ ಹಾಳೆ ಚದರ ಮೀಟರಿಗೆ ಸುಮಾರು 5 ಕೆಜಿ ತೂಗುತ್ತದೆ. ಮೈತುಂಬ ಹಚ್ಚಿದರೆ ಗಾಡಿಯಲ್ಲಿ ಸದಾ ಇನ್ನೊಬ್ಬ ಆಳು ಕೂತ ಹಾಗೆ. ತಲೆಯ ಮೇಲೆ ಕ್ಯಾನ್ವಾಸ್ ಇರುವಾಗ ನೆಲಕ್ಕೆ ಅಷ್ಟು ಭಾರ ಸುರಿದರೂ ಗಾಳಿಯ ಸದ್ದು ಮೇಲಿನಿಂದ ಬರುತ್ತಲೇ ಇರುತ್ತದೆ. ಗಾಡಿ ಮಾರುವ ದಿನ ಕೊಳ್ಳುವವನು ಟೈರು, ಎಂಜಿನ್ನು, ಕಾಗದಪತ್ರ ನೋಡುತ್ತಾನೆಯೇ ಹೊರತು ಮ್ಯಾಟಿನ ಕೆಳಗಿನ ಪದರಕ್ಕೆ ರೂಪಾಯಿ ಹೆಚ್ಚು ಕೊಡುವುದಿಲ್ಲ.

ಹಾಗಾದರೆ ಗಟ್ಟಿ ಟಾಪು ಹಾಕಿಸಿಬಿಡೋಣ ಅನ್ನುವವರು ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್‌ಸಿಯ ವಿವರಕ್ಕೆ ಹೊಂದದ ಬದಲಾವಣೆಗೆ ಅಡ್ಡ ಬರುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಒಳಗೆ ಅಂಟಿಸುವ ಶೀಟು ಮೈಕಟ್ಟನ್ನು ಬದಲಿಸುವುದಿಲ್ಲ, ಗಟ್ಟಿ ಟಾಪು ಬದಲಿಸುತ್ತದೆ. ಸೇನೆಯ ಹಸಿರು ಬಣ್ಣವೂ ಖಾಸಗಿ ಗಾಡಿಗೆ ನಿಷಿದ್ಧ. ಬಳಿಸಿದರೆ ಆ ದುಡ್ಡೂ ಹೋಗುತ್ತದೆ, ದಂಡವೂ ಬೀಳುತ್ತದೆ.

ನನ್ನ ಮನಸ್ಸು ಹೆಚ್ಚು ಹರಿಯುವುದು ಬಾಡಿಗೆಗೆ ಕ್ರೂಸರ್ ಜೀಪು ಓಡಿಸುವ ಹುಡುಗರ ಕಡೆಗೆ. ಸುರಪುರ, ಶಹಾಪುರ, ಜೇವರ್ಗಿ ದಾರಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಎಂಜಿನ್ನಿನ ಪಕ್ಕದಲ್ಲೇ ಕೂತು ದುಡಿಯುವವರು ಅವರು. ನಾನು ಒಂದು ವಾರದಲ್ಲಿ ಕೇಳುವ ಸಪ್ಪಳವನ್ನು ಅವರು ಒಂದೇ ದಿನದಲ್ಲಿ ಕೇಳುತ್ತಾರೆ. ಅವರಿಗೆ 19,200 ಹೊರೆಯಾಗಬಹುದು. ಮೊದಲ ಎರಡು ಕೆಲಸ, ಅಂದರೆ ಫೌಂಡೇಶನ್ನಿನಿಂದ ಬೀಡಿಂಗಿನವರೆಗಿನದು, ನನಗೆ ಬಿದ್ದದ್ದು 7,050 ರೂಪಾಯಿ. ಗಾಡಿಯ ಮಾಲೀಕರು ಎಫ್‌ಸಿಗೆ ಗಾಡಿ ಸಿದ್ಧಪಡಿಸುವಾಗ ಇದನ್ನೂ ಆ ಪಟ್ಟಿಗೆ ಸೇರಿಸಬೇಕು. ಅದನ್ನು ಡ್ರೈವರನ ಕೂಲಿಯಲ್ಲಿ ಮುರಿದುಕೊಳ್ಳದೆ ಗಾಡಿಯ ರಿಪೇರಿ ಖರ್ಚೆಂದೇ ಬರೆಯಬೇಕು. ನಾನು ಲೆಕ್ಕ ನೋಡುವ ಮಾಲೀಕರಿಗೆ ಈ ವರ್ಷದಿಂದ ಹಾಗೇ ಹೇಳುತ್ತಿದ್ದೇನೆ.

ಆ 55,000ದಲ್ಲಿ ಉಳಿದ 35,800 ರೂಪಾಯಿಯನ್ನು ಗಾಡಿಯ ಹೆಸರಿನಲ್ಲೇ ಬೇರೆ ಇಟ್ಟಿದ್ದೇನೆ. 2027ಕ್ಕೆ ಹದಿನೈದು ವರ್ಷ ತುಂಬುತ್ತದೆ, ಆರ್‌ಸಿ ನವೀಕರಣಕ್ಕೆ ಖರ್ಚಿದೆ. ಅದಕ್ಕೂ ಮೊದಲು ಟೈರು ಬರಬೇಕು. ಈಗಿರುವ ದಪ್ಪ ಗಡ್ಡೆಯ ಮಡ್ ಟೈರುಗಳು ಡಾಂಬರಿನ ಮೇಲೆ ಗುಂಯ್ ಎನ್ನುತ್ತವೆ. ಎರೆಹೊಲಕ್ಕೆ ಇಳಿಯುವುದು ಮಳೆಗಾಲದಲ್ಲಷ್ಟೇ ಆದ್ದರಿಂದ, ಈ ಸಲ ರಸ್ತೆಗೂ ಮಣ್ಣಿಗೂ ಸಲ್ಲುವ ನಡುವಿನ ನಮೂನೆಯ ಟೈರುಗಳನ್ನೇ ತರಿಸುತ್ತೇನೆ.