ಅಣಬೆಯ ಕೋಣೆಯಲ್ಲಿ ಗಾಳಿ ಮತ್ತು ವಾಸನೆ

ನಮ್ಮ ಶಾಲೆಯ ಹಿಂಬದಿಯಲ್ಲಿ ಮುರಿದ ಮೇಜು ಬೆಂಚುಗಳನ್ನು ತುಂಬಿಸಿಡುತ್ತಿದ್ದ ಕೋಣೆಯೊಂದಿದೆ. ಕಳೆದ ವರ್ಷ ಮಳೆಗಾಲ ಹಿಡಿಯುತ್ತಲೇ ಅದನ್ನು ತೆರವು ಮಾಡಿ, ಸುಣ್ಣ ಬಳಿದು, ಬೈಹುಲ್ಲಿನ ಚೀಲಗಳನ್ನು ತೂಗಹಾಕಿ ಚಿಪ್ಪಣಬೆಯ ಬೇಸಾಯಕ್ಕೆ ತೊಡಗಿದೆವು. ಅಣಬೆಗೆ ತೇವ ಬೇಕೆಂಬುದನ್ನು ಎಲ್ಲರೂ ಬಲ್ಲರು. ಆ ತೇವ ಆರಿಹೋಗಬಾರದೆಂಬ ಕಾಳಜಿಯಿಂದ ನಾವು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಬಾಗಿಲಿನ ಸಂದಿಗೂ ಗೋಣಿಚೀಲವನ್ನು ತುರುಕಿದೆವು.

ಇದರ ಫಲ ತಿಂಗಳೊಳಗೆ ಕಾಣಿಸಿತು. ಅಂಗೈಯಗಲದ ಅಣಬೆಗಳ ಬದಲಿಗೆ ಬೆರಳುದ್ದದ ತೊಟ್ಟು, ಅದರ ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಟೊಪ್ಪಿ! ಪಕ್ಕದ ತರಗತಿಯ ಮಕ್ಕಳು ಮೂಗು ಮುಚ್ಚಿಕೊಂಡು ಪಾಠ ಕೇಳುವಂತಾಯಿತು. ಇವೆರಡನ್ನೂ ಸಹಿಸಬಹುದಿತ್ತು. ಆದರೆ ದಿನವೂ ಬೆಳಿಗ್ಗೆ ಆ ಕೋಣೆಯಲ್ಲಿ ದುಡಿಯುತ್ತಿದ್ದ ತಾಯಿಯೊಬ್ಬರಿಗೆ ಸಂಜೆಯಾಗುತ್ತಲೇ ಕೆಮ್ಮು, ಮೈಬಿಸಿ, ಏದುಸಿರು ಬರತೊಡಗಿತು. ಮಳೆಗಾಲದ ಜ್ವರವೆಂದು ಅವರೂ ನಾವೂ ತಿಳಿದೆವು. ಅದು ಮಳೆಯ ಜ್ವರವಲ್ಲ, ಕೋಣೆಯ ಗಾಳಿಯ ಫಲವೆಂದು ವೈದ್ಯರು ಹೇಳಿದಾಗ ನಮ್ಮ ತಪ್ಪು ನಮಗೆ ಅರಿವಾಯಿತು. ಇಂದು ನಮ್ಮ ವಿದ್ಯಾರ್ಥಿಗಳ ಹಲವು ಮನೆಗಳಲ್ಲಿ ಇಂತಹ ಕೋಣೆಗಳು ಏರ್ಪಡುತ್ತಿರುವುದರಿಂದ, ನಾವು ಪೆಟ್ಟು ತಿಂದು ಕಲಿತ ಪಾಠವನ್ನು ಹೆತ್ತವರ ಮತ್ತು ಮಕ್ಕಳ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಅಣಬೆಯೂ ಉಸಿರಾಡುತ್ತದೆ

ಅಣಬೆ ಗಿಡವಲ್ಲ. ಅದಕ್ಕೆ ಹಸುರು ಎಲೆಯಿಲ್ಲ. ಬಿಸಿಲಿನಿಂದ ಆಹಾರವನ್ನು ತಯಾರಿಸಿಕೊಳ್ಳುವ ಶಕ್ತಿಯೂ ಇಲ್ಲ. ಬೈಹುಲ್ಲನ್ನು ಕರಗಿಸಿ ತಿಂದು, ನಮ್ಮಂತೆಯೇ ಆಮ್ಲಜನಕವನ್ನು ಹೀರಿ ಇಂಗಾಲಾಮ್ಲ ವಾಯುವನ್ನು ಹೊರಬಿಡುತ್ತದೆ. ಬೈಹುಲ್ಲಿನ ಮೇಲೆ ಚಿಪ್ಪಣಬೆಯನ್ನು ಬೆಳೆಸುವ ಕ್ರಮವನ್ನು 1962ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಬಾನು ಮತ್ತು ಶ್ರೀವಾಸ್ತವ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ನಮ್ಮ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾಲಯದವರು ತೆಂಗಿನ ತೋಟದ ಕಸದ ಮೇಲೆಯೂ ಇದನ್ನು ಬೆಳೆಸಿ ತೋರಿಸಿದ್ದಾರೆ.

ಈ ಬೆಳೆಗೆ ಎರಡು ಅವಸ್ಥೆಗಳುಂಟು. ಮೊದಲಿನ ಹದಿನೈದು ಇಪ್ಪತ್ತು ದಿನಗಳಲ್ಲಿ ಬೀಜದಿಂದ ಹೊರಟ ಬಿಳಿಯ ಎಳೆಗಳು ಚೀಲದ ಒಳಗೆಲ್ಲ ಹಬ್ಬುತ್ತವೆ. ಆಗ ಕತ್ತಲೆ ಸಾಕು. ಇಂಗಾಲಾಮ್ಲ ಹೆಚ್ಚಿದ್ದರೂ ಬಾಧಕವಿಲ್ಲ. ಎಳೆಗಳು ಹಬ್ಬಿ ಮುಗಿದು ಮೊಗ್ಗು ಮೂಡುವುದು ಎರಡನೆಯ ಅವಸ್ಥೆ. ಆಗ ಹೊಸ ಗಾಳಿ, ಸ್ವಲ್ಪ ಬೆಳಕು, ನೂರಕ್ಕೆ ಎಂಬತ್ತಕ್ಕೆ ಕಡಮೆಯಾಗದ ಆರ್ದ್ರತೆ, ಈ ಮೂರೂ ಬೇಕು. ಮೊದಲನೆಯ ಅವಸ್ಥೆಯ ನಿಯಮವನ್ನೇ ಎರಡನೆಯದರಲ್ಲೂ ನಡೆಸಿದುದು ನಮ್ಮ ತಪ್ಪು. ಕೆಟ್ಟ ಗಾಳಿಯಲ್ಲಿ ಸಿಕ್ಕಿದ ಅಣಬೆಯು ಒಳ್ಳೆಯ ಗಾಳಿಯನ್ನು ಹುಡುಕುವಂತೆ ತೊಟ್ಟನ್ನು ನೀಳವಾಗಿ ಚಾಚುತ್ತದೆ, ಟೊಪ್ಪಿ ಅರಳುವುದಿಲ್ಲ.

ಹೊರಗಿನ ಗಾಳಿಯಲ್ಲಿ ಇಂಗಾಲಾಮ್ಲವು ಹತ್ತು ಸಾವಿರ ಪಾಲಿಗೆ ನಾಲ್ಕು ಪಾಲಿಗಿಂತ ತುಸು ಹೆಚ್ಚಿದೆ. ಮೊಗ್ಗಿನ ಕಾಲದಲ್ಲಿ ಕೋಣೆಯೊಳಗೆ ಅದು ಹತ್ತು ಪಾಲನ್ನು, ಎಂದರೆ ಸಾವಿರಕ್ಕೆ ಒಂದನ್ನು, ಮೀರದಿರುವುದು ಲೇಸು. ಸೋಜಿಗವೆಂದರೆ, ಮನುಷ್ಯರು ವಾಸಿಸುವ ಕೋಣೆಗೂ ಇದೇ ಮಿತಿಯನ್ನು ಜರ್ಮನಿಯ ಮ್ಯೂನಿಕ್ ನಗರದ ಪೆಟ್ಟೆನ್‌ಕೋಫರ್ ಎಂಬ ವಿದ್ವಾಂಸರು 1858ರಲ್ಲಿಯೇ ಸೂಚಿಸಿದ್ದರು. ಅಣಬೆಗೆ ಉಸಿರುಕಟ್ಟುವ ಕೋಣೆ ನಮಗೂ ಹಿತವಲ್ಲವೆಂದು ಇದರಿಂದ ತಿಳಿಯಬಹುದು.

ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಸುಣ್ಣದ ತಿಳಿನೀರನ್ನು ಎರಡು ಬಟ್ಟಲುಗಳಲ್ಲಿ ತೆಗೆದುಕೊಂಡು, ಒಂದನ್ನು ಮುಚ್ಚಿದ ಅಣಬೆಯ ಕೋಣೆಯಲ್ಲಿಯೂ ಇನ್ನೊಂದನ್ನು ಅಂಗಳದ ನೆರಳಿನಲ್ಲಿಯೂ ಇಡಿರಿ. ಯಾವುದರ ಮೇಲೆ ಬಿಳಿಯ ಕೆನೆ ಬೇಗನೆ ಕಟ್ಟುವುದೋ ಅಲ್ಲಿ ಇಂಗಾಲಾಮ್ಲ ಹೆಚ್ಚೆಂದು ತಿಳಿಯಿರಿ. ಸುಣ್ಣದ ನೀರು ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.

ಗಾಳಿಗೆ ಎರಡು ಬಾಗಿಲು

ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆಯು ಗುಳುಗುಳು ಎಂದು ತಡೆತಡೆದು ಬರುತ್ತದೆ. ಎದುರಿನ ಮೂಲೆಯಲ್ಲಿ ಇನ್ನೊಂದು ತೂತು ಮಾಡಿದರೆ ಧಾರೆಯಾಗಿ ಇಳಿಯುತ್ತದೆ. ಕೋಣೆಯ ಗಾಳಿಯೂ ಹಾಗೆಯೇ. ಒಳಬರುವ ದಾರಿಯಿಲ್ಲದೆ ಎಷ್ಟು ದೊಡ್ಡ ಫ್ಯಾನು ಹಾಕಿದರೂ ಅದು ಸುಮ್ಮನೆ ಸದ್ದು ಮಾಡುತ್ತದೆ. ಆದುದರಿಂದ ಒಂದು ಗೋಡೆಯ ಕೆಳಭಾಗದಲ್ಲಿ ಗಾಳಿ ಬರುವ ಕಿಂಡಿಯನ್ನೂ, ಎದುರು ಗೋಡೆಯ ಮೇಲ್ಭಾಗದಲ್ಲಿ ಹೊರಹಾಕುವ ಫ್ಯಾನನ್ನೂ ಇಡತಕ್ಕದ್ದು. ಕಿಂಡಿಯು ಫ್ಯಾನಿನ ಬಾಯಿಗಿಂತ ಕಿರಿದಾಗಿರಬಾರದು. ನೊಣಗಳು ನುಗ್ಗದಂತೆ ಎರಡಕ್ಕೂ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಬಿಗಿಯಬೇಕು.

ಫ್ಯಾನು ಗಾಳಿಯನ್ನು ಒಳಗೆ ದೂಡದೆ ಹೊರಕ್ಕೆ ಎಳೆಯುವಂತಿರಬೇಕೆಂಬುದನ್ನು ಮರೆಯಬಾರದು. ಹಾಗಿದ್ದರೆ ಬಾಗಿಲ ಸಂದಿಗಳಲ್ಲಿ ಹೊರಗಿನ ಗಾಳಿಯೇ ಒಳಕ್ಕೆ ಸರಿಯುತ್ತದೆ; ಒಳಗಿನ ವಾಸನೆಯು ಮನೆಯತ್ತ ನುಸುಳುವುದಿಲ್ಲ. ಉರಿಯುವ ಊದುಬತ್ತಿಯೊಂದನ್ನು ಬಾಗಿಲ ಸಂದಿಯ ಬಳಿ ಹಿಡಿದರೆ ಹೊಗೆ ಒಳಕ್ಕೆ ಹೋಗುವುದೋ ಹೊರಕ್ಕೆ ಬರುವುದೋ ಎಂಬುದು ಕಣ್ಣಿಗೇ ಕಾಣುವುದು.

ಫ್ಯಾನಿನ ಅಳತೆಯನ್ನು ಲೆಕ್ಕದಿಂದಲೇ ನಿರ್ಧರಿಸಬಹುದು. ನಮ್ಮ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಎಂದರೆ 1200 ಘನ ಅಡಿ. ಮೊಗ್ಗಿನ ಕಾಲದಲ್ಲಿ ಕೋಣೆಯ ಗಾಳಿಯು ಗಂಟೆಗೆ ನಾಲ್ಕರಿಂದ ಎಂಟು ಸಲ ಬದಲಾಗಬೇಕು. ಆರು ಸಲವೆಂದು ಹಿಡಿದರೆ 7200 ಘನ ಅಡಿ. ನಿಮಿಷಕ್ಕೆ 120 ಘನ ಅಡಿ. ಬಲೆ, ಇದ್ದಿಲು ಮೊದಲಾದುವು ಗಾಳಿಯನ್ನು ತಡೆಯುವುದರಿಂದ ಇದರ ಒಂದೂವರೆ ಪಾಲು, ಎಂದರೆ 180 ಘನ ಅಡಿ ಬೇಕೆನ್ನೋಣ. ಪೇಟೆಯ ಫ್ಯಾನುಗಳ ಮೇಲೆ ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿರುವುದುಂಟು. ಒಂದು ಘನ ಮೀಟರ್ ಎಂದರೆ ಸುಮಾರು 35 ಘನ ಅಡಿ. ಆದುದರಿಂದ ಗಂಟೆಗೆ ಸುಮಾರು 300 ಘನ ಮೀಟರ್ ಎಳೆಯುವ ಫ್ಯಾನು ನಮಗೆ ಸಾಕಾಯಿತು.

ಗಾಳಿ ಬಂದರೆ ತೇವ ಹೋಗುವುದಲ್ಲವೆ ಎಂದು ಕೇಳಬಹುದು. ಹೌದು, ಅದಕ್ಕಾಗಿ ಗಾಳಿಯನ್ನು ಮುಚ್ಚದೆ ನೀರನ್ನು ಹೆಚ್ಚಿಸಬೇಕು. ಒಳಬರುವ ಕಿಂಡಿಯ ಮುಂದೆ ಒದ್ದೆ ಗೋಣಿಯನ್ನು ಸಡಿಲವಾಗಿ ಇಳಿಬಿಡುವುದು, ನೆಲಕ್ಕೆ ಮರಳು ಹಾಸಿ ದಿನಕ್ಕೆರಡು ಮೂರು ಸಲ ನೀರು ಚಿಮುಕಿಸುವುದು, ಇವು ಸುಲಭವಾದ ಉಪಾಯಗಳು. ವಿದ್ಯುತ್ತಿಲ್ಲದ ಹೊತ್ತಿನಲ್ಲಿ ಬೆಳಿಗ್ಗೆ ಮತ್ತು ಸಂಜೆ ಎದುರುಬದುರಿನ ಕಿಟಕಿಗಳನ್ನು ಅರ್ಧ ಗಂಟೆಯಾದರೂ ತೆರೆದಿಡಬೇಕು.

ವಾಸನೆಯೆಂಬ ದೂತ

ನಮ್ಮ ಕೋಣೆಯಿಂದ ದುರ್ವಾಸನೆ ಬಂದಾಗ ಮೊದಲು ಮಾಡಿದ ಕೆಲಸವೆಂದರೆ ಬಾಗಿಲ ಬಳಿ ಊದುಬತ್ತಿಗಳನ್ನು ಹಚ್ಚಿಟ್ಟುದು. ಅದು ದೂತನ ಬಾಯಿಗೆ ಬಟ್ಟೆ ತುರುಕಿದಂತಾಯಿತು. ವಾಸನೆಯು ಸುದ್ದಿಯನ್ನು ತರುತ್ತದೆ. ಅದನ್ನು ಕೇಳಿಕೊಂಡ ಬಳಿಕವೇ ಕಳುಹಿಸಬೇಕು.

ಆರೋಗ್ಯವಾದ ಕೋಣೆಯಲ್ಲಿ ಮಳೆ ಬಿದ್ದ ಕಾಡಿನಂತಹ ಮೆಲುವಾಸನೆ ಇರುತ್ತದೆ. ಹುಳಿವಾಸನೆ ಬಂದರೆ ಬೈಹುಲ್ಲಿನಲ್ಲಿ ನೀರು ಹೆಚ್ಚಾಗಿ, ಗಾಳಿ ಸಿಗದೆ ಹುಳಿಯುತ್ತಿದೆಯೆಂದು ಅರ್ಥ. ಬೇಯಿಸಿದ ಬೈಹುಲ್ಲನ್ನು ಮುಷ್ಟಿಯಲ್ಲಿ ಹಿಂಡಿದಾಗ ಕೈ ಒದ್ದೆಯಾಗಬೇಕು, ಆದರೆ ನೀರು ತೊಟ್ಟಿಕ್ಕಬಾರದು. ಇದೇ ಸರಿಯಾದ ಹದ. ಮೂಗಿಗೆ ಚುಚ್ಚುವ ಅಮೋನಿಯದ ವಾಸನೆ ಬಂದರೆ ತವುಡು ಮೊದಲಾದ ಸತ್ವವಸ್ತುಗಳು ಮಿತಿಮೀರಿವೆ, ಅಥವಾ ಹತ್ತಿರದ ಹಟ್ಟಿಯ ಗಾಳಿ ಒಳಗೆ ಬರುತ್ತಿದೆ. ಕೊಳೆತ ಮೊಟ್ಟೆಯ ವಾಸನೆಯಿದ್ದರೆ ಚೀಲದ ತಳದಲ್ಲಿ ನೀರು ನಿಂತಿದೆ. ಅಲ್ಲಿ ಸಣ್ಣ ತೂತುಗಳನ್ನು ಮಾಡಬೇಕು. ಬೂಸಲು ವಾಸನೆಯೊಂದಿಗೆ ಹಸುರು ಕಲೆಗಳು ಕಂಡರೆ ಅಂತಹ ಚೀಲವನ್ನು ಕೊಡವದೆ ಮೆಲ್ಲನೆ ಹೊರಗೊಯ್ದು ದೂರದಲ್ಲಿ ಹೂಳಬೇಕು. ಕೊಯ್ದ ಬಳಿಕ ಉಳಿದ ತೊಟ್ಟಿನ ತುಂಡುಗಳೂ ಕೊಳೆತು ನಾರುವುದರಿಂದ ಅವನ್ನು ಅಂದೇ ಕಿತ್ತು ತೆಗೆಯಬೇಕು. ಮೂಲವನ್ನು ಸರಿಪಡಿಸಿ ಗಾಳಿಗೆ ದಾರಿ ಮಾಡಿದರೆ ವಾಸನೆಯ ಬಹುಭಾಗ ತಾನಾಗಿ ಹೋಗುವುದು.

ಗೆರಟೆಯ ಇದ್ದಿಲು

ಇಷ್ಟಾದರೂ ಉಳಿಯುವ ವಾಸನೆ ನೆರೆಮನೆಯವರನ್ನು ಬಾಧಿಸಬಾರದಲ್ಲ! ಅದಕ್ಕೆ ಇದ್ದಿಲು ಉತ್ತಮ ಸಾಧನ. 1854ರಲ್ಲಿ ಸ್ಕಾಟ್‌ಲೆಂಡಿನ ರಸಾಯನಶಾಸ್ತ್ರಜ್ಞ ಸ್ಟೆನ್‌ಹೌಸ್ ಎಂಬವರು ಕೆಟ್ಟ ಗಾಳಿಯನ್ನು ಶುದ್ಧಿ ಮಾಡಲು ಇದ್ದಿಲನ್ನು ಬಳಸಿ ತೋರಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ವಿಷವಾಯುವಿನಿಂದ ಸೈನಿಕರನ್ನು ಕಾಪಾಡಿದ ಮುಖವಾಡಗಳಲ್ಲಿ ತೆಂಗಿನ ಗೆರಟೆಯ ಇದ್ದಿಲೂ ಇತ್ತು. ನಾವು ಒಲೆಗೆ ಹಾಕುವ ಗೆರಟೆಯ ಮಹಿಮೆ ಇದು!

ಗೆರಟೆಯ ಇದ್ದಿಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ನೀರಿನ ಹಬೆಗೆ ಒಡ್ಡಿದರೆ ಅದರೊಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ತೆರೆದುಕೊಳ್ಳುತ್ತವೆ. ಆಗ ಅದನ್ನು ಸಕ್ರಿಯ ಇದ್ದಿಲು ಎನ್ನುತ್ತಾರೆ. ಅದರ ಒಂದೇ ಗ್ರಾಮಿನ ಒಳಮೈಯನ್ನು ಬಿಡಿಸಿ ಹರಡಿದರೆ ಸುಮಾರು 1000 ಚದರ ಮೀಟರ್, ಎಂದರೆ ಇಪ್ಪತ್ತೈದು ಸೆಂಟ್ಸ್ ಜಾಗವಾಗುವುದು. ನಾಲ್ಕು ಗ್ರಾಮಿನಲ್ಲಿ ಒಂದು ಎಕ್ರೆ! ವಾಸನೆಯ ಅಣುಗಳು ಈ ಮೈಗೆ ಅಂಟಿಕೊಂಡು ನಿಲ್ಲುತ್ತವೆ. ಮನೆಯಲ್ಲಿ ಸುಟ್ಟ ಸಾಮಾನ್ಯ ಇದ್ದಿಲಿಗೆ ಈ ಶಕ್ತಿ ಬಹಳ ಕಡಮೆ.

ಸಕ್ರಿಯ ಇದ್ದಿಲಿನ ಹರಳುಗಳನ್ನು ಎರಡು ಬಲೆಗಳ ನಡುವೆ ತುಂಬಿ, ಹೊರಹೋಗುವ ಗಾಳಿಯೆಲ್ಲ ಅದರ ಮೂಲಕ ಹಾಯುವಂತೆ ಫ್ಯಾನಿನ ಮುಂದೆ ಕೂರಿಸಬೇಕು. ಅದಕ್ಕೂ ಮೊದಲು ತೆಳುಬಟ್ಟೆಯ ತೆರೆಯೊಂದಿದ್ದರೆ ಧೂಳು ಅಲ್ಲಿಯೇ ನಿಲ್ಲುವುದು. ಆ ಬಟ್ಟೆಯನ್ನು ವಾರಕ್ಕೊಮ್ಮೆ ಒಗೆಯಬೇಕು. ಆದರೆ ಇದ್ದಿಲಿನ ಮಿತಿಗಳನ್ನೂ ತಿಳಿದಿರಬೇಕು. ಅದು ಇಂಗಾಲಾಮ್ಲವನ್ನು ಕೋಣೆಯಿಂದ ತೆಗೆಯಲಾರದು. ಅಮೋನಿಯವನ್ನು ಚೆನ್ನಾಗಿ ಹಿಡಿಯದು. ಹೆಚ್ಚು ತೇವದಲ್ಲಿ ಸೊರಗುವುದು. ತುಂಬಿದ ಮೇಲೆ ಬದಲಾಯಿಸದಿದ್ದರೆ ವ್ಯರ್ಥ. ಗಾಳಿಗೆ ಬದಲಾಗಿ ಇದ್ದಿಲಲ್ಲ. ಗಾಳಿಯ ಜತೆಗೆ ಇದ್ದಿಲು. ವಾಸನೆ ಕಳೆಯುವುದೆಂದು ಮಾರುವ ಓಜೋನ್ ಯಂತ್ರಗಳು ಶ್ವಾಸಕೋಶಕ್ಕೆ ಹಾನಿಕರ. ಜನ ಓಡಾಡುವಲ್ಲಿ ಅವು ಸಲ್ಲವು.

ಮನುಷ್ಯರ ಉಸಿರು

ಈಗ ಆ ತಾಯಿಯ ವಿಚಾರಕ್ಕೆ ಬರೋಣ. ಬಲಿತ ಚಿಪ್ಪಣಬೆಯು ಕಣ್ಣಿಗೆ ಕಾಣದ ಕಣಗಳನ್ನು ಅಪಾರವಾಗಿ ಉದುರಿಸುತ್ತದೆ. ಇವೇ ಅದರ ಬೀಜಾಣುಗಳು. ನೆಲದ ಮೇಲೆ, ಚೀಲಗಳ ಮೇಲೆ ಬಿಳಿಯ ಹುಡಿಯಂತೆ ಕಾಣುವುದು ಅದೇ. ದಿನವೂ ಅದನ್ನು ಉಸಿರಾಡಿದವರಲ್ಲಿ ಕೆಲವರ ಶ್ವಾಸಕೋಶವು ಕೆರಳುತ್ತದೆ. ಕೋಣೆಯಿಂದ ಹೊರಬಂದ ನಾಲ್ಕರಿಂದ ಎಂಟು ಗಂಟೆಗಳ ಬಳಿಕ ಜ್ವರ, ಒಣಕೆಮ್ಮು, ಏದುಸಿರು ಕಾಣಿಸಿಕೊಳ್ಳುವುದರಿಂದ ಕಾರಣವು ಹೊಳೆಯುವುದೇ ಇಲ್ಲ. ಹಾಗೆಯೇ ಮುಂದುವರಿದರೆ ಶ್ವಾಸಕೋಶಕ್ಕೆ ಶಾಶ್ವತವಾದ ಹಾನಿಯಾಗಬಹುದು.

ಆದುದರಿಂದ ಟೊಪ್ಪಿಯ ಅಂಚು ಮೇಲಕ್ಕೆ ಮಡಚಿಕೊಳ್ಳುವ ಮುನ್ನವೇ ಅಣಬೆಯನ್ನು ಕೊಯ್ಯಬೇಕು. ಒಳಹೋಗುವ ಅರ್ಧ ಗಂಟೆ ಮೊದಲೇ ಫ್ಯಾನನ್ನು ಹಾಕಬೇಕು. ಮೂಗು ಬಾಯಿಗಳಿಗೆ ಸೆರಗನ್ನೋ ಬಟ್ಟೆಯನ್ನೋ ಕಟ್ಟಿದರೆ ಸಾಲದು. ಸಣ್ಣ ಧೂಳನ್ನು ತಡೆಯುವ ಮುಖಗವಸು ಬೇಕು. ಕೋಣೆಯ ಬಾಗಿಲು ಮಲಗುವ ಮನೆಯತ್ತ ತೆರೆಯಬಾರದು; ಫ್ಯಾನಿನ ಬಾಯಿ ಚಾವಡಿಯತ್ತಲೂ ನೆರೆಯವರ ಕಿಟಕಿಯತ್ತಲೂ ಇರಬಾರದು. ದಮ್ಮಿನ ತೊಂದರೆಯಿರುವ ಮಕ್ಕಳನ್ನೂ ಹಿರಿಯರನ್ನೂ ಕೊಯ್ಲಿಗೆ ಕಳುಹಿಸಲೇಬಾರದು. ಕೆಮ್ಮು ಬಂದರೆ ಅಣಬೆಯ ಕೆಲಸ ಮಾಡುತ್ತಿರುವುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಆ ತಾಯಿ ಕೋಣೆಯಿಂದ ದೂರವಿದ್ದು ಗುಣಮುಖರಾಗಿದ್ದಾರೆ. ಒಮ್ಮೆ ಕೆರಳಿದ ಶ್ವಾಸಕೋಶ ಮತ್ತೆ ಕೆರಳುವುದು ಸುಲಭವಾದುದರಿಂದ ಅವರು ಈಗ ಒಳಗೆ ಕಾಲಿಡುವುದಿಲ್ಲ. ಹೊರಗಿನ ಜಗಲಿಯಲ್ಲಿ ಕುಳಿತು ಹೊಸ ಬೈಹುಲ್ಲನ್ನು ಚೀಲಕ್ಕೆ ತುಂಬುವ ಕೆಲಸವನ್ನು ನೋಡಿಕೊಳ್ಳುತ್ತಾರೆ. ಗಾಳಿಗೆ ದಾರಿ ಮಾಡಿದ ಬಳಿಕದ ಬೆಳೆಯಲ್ಲಿ ಅಣಬೆಗಳು ಅಂಗೈಯಗಲಕ್ಕೆ ಅರಳಿದುವು. ಪಕ್ಕದ ತರಗತಿಯ ಮಕ್ಕಳು ಮೂಗಿನಿಂದ ಕೈ ತೆಗೆದಿದ್ದಾರೆ.

ಬೆಳೆಯನ್ನು ಮನೆಯೊಳಗೆ ಕರೆತಂದವರು ಅದರ ಉಸಿರಿನ ಹೊಣೆಯನ್ನೂ ಹೊರಬೇಕು. ಅದರ ಉಸಿರು ಕೆಟ್ಟರೆ ನಮ್ಮದೂ ಕೆಡುವುದೆಂಬುದೇ ಈ ಪಾಠದ ಸಾರ.

ಅಭ್ಯಾಸ

1. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗಾಳಿಯನ್ನು ಗಂಟೆಗೆ ಆರು ಸಲ ಬದಲಾಯಿಸಲು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿಯನ್ನು ಎಳೆಯಬೇಕು?

2. ಅಣಬೆಯ ತೊಟ್ಟು ಉದ್ದವಾಗಿ ಟೊಪ್ಪಿ ಕಿರಿದಾಗಿದ್ದರೆ ಕಾರಣವೇನು?

3. ಊದುಬತ್ತಿಯಿಂದ ವಾಸನೆಯನ್ನು ಮುಚ್ಚುವುದು ಏಕೆ ತಪ್ಪು? ಅದೇ ಊದುಬತ್ತಿಯ ಸರಿಯಾದ ಉಪಯೋಗ ಯಾವುದು?

4. ನಿಮ್ಮ ತರಗತಿಯ ಕೋಣೆಯಲ್ಲಿ ಗಾಳಿ ಬರುವ ದಾರಿ, ಹೋಗುವ ದಾರಿಗಳನ್ನು ಗುರುತಿಸಿ ನಕ್ಷೆ ಬರೆಯಿರಿ.