ನಿಸ್ತಂತು ಜಾಲದಲ್ಲಿ ಪಾಲು ಮತ್ತು ಸರದಿ

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ನಿಸ್ತಂತು ವಿದ್ಯೆಗೆ ಕೈಹಾಕಿದುದನ್ನು ಕಂಡು ವಿಜ್ಞಾನದ ಮಿತ್ರರು ನಗಬಹುದು. ಆದರೆ ಈ ವಿಷಯವೇ ನನ್ನನ್ನು ಹುಡುಕಿಕೊಂಡು ಬಂದಿತು. 2020ರಲ್ಲಿ ನಾನು ಪ್ರೌಢಶಾಲೆಯಲ್ಲಿದ್ದೆ, ಪಾಠಗಳೆಲ್ಲ ಫೋನಿನಲ್ಲಿ. ಇಸಳೂರಿನ ನಮ್ಮ ಮನೆಯಲ್ಲಿ ಕುಳಿತರೆ ಮಾಸ್ತರರ ಧ್ವನಿ ತುಂಡುತುಂಡಾಗಿ ಬರುತ್ತಿತ್ತು. ಕೊಡೆ ಹಿಡಿದು ಹಿಂದಿನ ಬೆಟ್ಟ ಹತ್ತಿದರೆ ಸರಾಗ. ಆದರೆ ಸಂಜೆ ಊರವರೆಲ್ಲ ಫೋನು ಹಿಡಿದ ಹೊತ್ತಿನಲ್ಲಿ ಬೆಟ್ಟದ ಮೇಲೂ ಅದೇ ಗೋಳು. ದೂರದ ಜೊತೆಗೆ ದಟ್ಟಣೆಯೂ ಕಾರಣವೆಂದು ಆಗ ಹೊಳೆಯಿತು.

ಗೋಪುರಕ್ಕೆ ದೊರೆತ ತರಂಗಪಟ್ಟಿ ಪರಿಮಿತವಾದುದು. ಅದನ್ನು ಹಲವರಿಗೆ ಹಂಚುವ ಬಗೆಗೆ ಬಹುಪ್ರವೇಶ ಪದ್ಧತಿಯೆಂದು ಹೆಸರು. ಮೊದಲು ಒಬ್ಬೊಬ್ಬರಿಗೆ ಒಂದೊಂದು ಆವರ್ತನವನ್ನು ಕೊಡುತ್ತಿದ್ದರು, ಗದ್ದೆಗೆ ಬದು ಹಾಕಿದಂತೆ. 1991ರಲ್ಲಿ ಫಿನ್ಲೆಂಡಿನಲ್ಲಿ ಆರಂಭವಾದ ಜಿ.ಎಸ್.ಎಂ. ಪದ್ಧತಿಯಲ್ಲಿ 200 ಕಿಲೋಹರ್ಟ್ಸ್ ಅಗಲದ ಪಟ್ಟಿಯ ಕಾಲವನ್ನು 8 ಸರದಿಗಳಾಗಿ ಒಡೆದರು. ತಾಳಮದ್ದಳೆಯ ಅರ್ಥಧಾರಿಗಳಂತೆ ಒಬ್ಬರಾದ ಮೇಲೊಬ್ಬರು. ಸರದಿ ಬೇಗ ಮರಳುವುದರಿಂದ ಮಾತು ಕಡಿದುದು ಕಿವಿಗೆ ತಿಳಿಯದು. ಮೂರನೆಯದು ಸಂಕೇತ ಪದ್ಧತಿ. ಶಿರಸಿಯ ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಕನ್ನಡ, ಕೊಂಕಣಿ, ಉರ್ದು ಒಟ್ಟಿಗೆ ಮೊಳಗಿದರೂ ನಮ್ಮ ಮಾತನ್ನು ನಾವು ಹೆಕ್ಕಿಕೊಳ್ಳುವುದಿಲ್ಲವೆ, ಹಾಗೆ. ಹಳ್ಳಿಗಳಲ್ಲಿ ಒಂದು ಕಾಲಕ್ಕಿದ್ದ ಡಬ್ಲ್ಯೂ.ಎಲ್.ಎಲ್. ಫೋನುಗಳಲ್ಲಿ ಇದು ಬಳಕೆಯಲ್ಲಿತ್ತು.

ಮೊದಲೆರಡು ಪದ್ಧತಿಗಳಲ್ಲಿ ಒಂದು ನಷ್ಟವಿದೆ. ಪಾಲುದಾರನು ಸುಮ್ಮನಿದ್ದರೂ ಅವನ ಪಾಲು ನೆರೆಯವನಿಗಿಲ್ಲ. ನಾಲ್ಕನೆಯ ತಲೆಮಾರಿನ ಜಾಲದಲ್ಲಿ ಈ ಬದುಗಳನ್ನು ಕಿತ್ತರು. ಪಟ್ಟಿಯನ್ನು 15 ಕಿಲೋಹರ್ಟ್ಸಿನ ಸಣ್ಣ ಎಳೆಗಳನ್ನಾಗಿ ಸೀಳಿ, 12 ಎಳೆಗಳನ್ನು ಒಂದು ಕಟ್ಟು ಮಾಡಿ, ಯಾವ ಕಟ್ಟು ಯಾರಿಗೆಂಬುದನ್ನು ಸೆಕೆಂಡಿನ ಸಾವಿರದ ಒಂದಂಶಕ್ಕೊಮ್ಮೆ ಹೊಸದಾಗಿ ತೀರ್ಮಾನಿಸುತ್ತಾರೆ. ನನಗೆ ಎಷ್ಟು ಚೆನ್ನಾಗಿ ಕೇಳುತ್ತಿದೆಯೆಂದು ಪ್ರತಿ ಫೋನೂ ಗೋಪುರಕ್ಕೆ ವರದಿ ಮಾಡುತ್ತಿರುತ್ತದೆ. ಚೆನ್ನಾಗಿ ಕೇಳುವವನಿಗೆ ಒಂದು ಸಂಜ್ಞೆಯಲ್ಲಿ 6 ಬಿಟ್ಟುಗಳನ್ನು ತುಂಬಬಹುದು. ಕಷ್ಟದಿಂದ ಕೇಳುವವನಿಗೆ ಎರಡೇ. ಎಂದರೆ ಒಂದೇ ಪಾಠಕ್ಕೆ ನಮ್ಮ ಮನೆಯ ಫೋನು ಗೋಪುರದ ಬುಡದ ಫೋನಿಗಿಂತ ಮೂರು ಪಟ್ಟು ಪಾಲನ್ನು ನುಂಗುತ್ತದೆ. ತಪ್ಪು ತಿದ್ದಲು ಸೇರಿಸುವ ಬಿಟ್ಟುಗಳನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಹೆಚ್ಚು.

ಇಲ್ಲಿಯೇ ಅರ್ಥಶಾಸ್ತ್ರವು ಪ್ರವೇಶಿಸುತ್ತದೆ. ಒಟ್ಟು ಸಾಮರ್ಥ್ಯವನ್ನು ಗರಿಷ್ಠವಾಗಿಸುವುದೇ ಗುರಿಯಾದರೆ ಎಲ್ಲ ಕಟ್ಟುಗಳನ್ನೂ ಸಮೀಪದವರಿಗೇ ಕೊಟ್ಟರಾಯಿತು. ಅಂಕಿಅಂಶ ಅಂದವಾಗಿರುತ್ತದೆ, ನಮ್ಮ ಮನೆಯ ಫೋನು ಮೂಕವಾಗಿರುತ್ತದೆ. ಎಲ್ಲರಿಗೂ ಸಮವೇಗವೆಂದರೆ ದೂರದ ನಾಲ್ಕು ಮಂದಿಯ ಸಲುವಾಗಿ ಊರೇ ನಿಧಾನ. ಬಳಕೆಯಲ್ಲಿರುವ ಒಂದು ಸೂತ್ರ ಇವೆರಡರ ನಡುವಿನದು: ಈ ಕ್ಷಣ ಒಬ್ಬನಿಗೆ ಸಿಗಬಹುದಾದ ವೇಗವನ್ನು ಅವನಿಗೆ ಇದುವರೆಗೆ ಸಿಕ್ಕ ಸರಾಸರಿ ವೇಗದಿಂದ ಭಾಗಿಸು, ಭಾಗಲಬ್ಧ ಹೆಚ್ಚಿದ್ದವನಿಗೆ ಸರದಿ. ಗುಡ್ಡ, ಮರಗಳಿಗೆ ತಾಗಿ ಬರುವ ಅಲೆಗಳು ಒಮ್ಮೆ ಕೂಡಿ ಒಮ್ಮೆ ಕಳೆದು, ಎಲ್ಲರ ಬಲವೂ ಕ್ಷಣಕ್ಷಣಕ್ಕೆ ಏರಿಳಿಯುತ್ತದೆ. ಬಡವನ ಫೋನು ತನ್ನ ಮಟ್ಟಿಗೆ ಏರಿದ ಕ್ಷಣ ಅವನ ಸರದಿ ಬರುತ್ತದೆ. ಬಹಳ ಹೊತ್ತು ಏನೂ ಸಿಗದಿದ್ದರೆ ಸರಾಸರಿ ಕುಗ್ಗಿ ಹಕ್ಕು ತಾನಾಗಿ ಬಲಿಯುತ್ತದೆ. ಈ ಭಾಗಾಕಾರವನ್ನು ಓದಿದ ದಿನ ನನಗಾದ ಸಂತೋಷ ಹೇಳತೀರದು. ನಮ್ಮ ಪಠ್ಯಗಳಲ್ಲಿ ಹಂಚಿಕೆಯ ಅಧ್ಯಾಯವನ್ನು ಇಷ್ಟು ಚಿಕ್ಕದಾಗಿ ಯಾರೂ ಬರೆದಿಲ್ಲ!

ಆದರೂ ಗೋಪುರದ ಮಾತು ಸ್ವಲ್ಪವೂ ಮುಟ್ಟದ ಮನೆಗೆ ಯಾವ ಸೂತ್ರವೂ ಪಾಲು ಕೊಡಲಾರದು. ಅಲ್ಲಿಗೆ ಇನ್ನೊಂದು ಗೋಪುರವೇ ಬೇಕು. ನಮ್ಮದು ಅಷ್ಟು ಕೆಟ್ಟದಲ್ಲ. ದೊಡ್ಡ ಕಡತ ಇಳಿಸಿಕೊಳ್ಳುವುದಿದ್ದರೆ ನಾನು ಈಗಲೂ ಬೆಟ್ಟ ಹತ್ತುತ್ತೇನೆ. ಅಲ್ಲಿ ನನ್ನ ಕೆಲಸ ಕಡಿಮೆ ಕಟ್ಟುಗಳಲ್ಲಿ ಮುಗಿಯುತ್ತದೆ, ಉಳಿದವು ಕೆಳಗಿನ ಮನೆಗಳಿಗೆ ಹೋಗುತ್ತವೆ. ಅಮ್ಮ ಮಾತ್ರ ಇದನ್ನು ನಂಬಿಲ್ಲ. ಮನೆಗೆಲಸ ತಪ್ಪಿಸುವ ಉಪಾಯವೆನ್ನುತ್ತಾಳೆ.